ಬಲಗಡೆ ಚೀಲಕ್ಕೇ ಗಾಳಿ ಜಾಸ್ತಿ ಯಾಕೆ?

ಮಕ್ಕಳೇ, ಅಮೆರಿಕದ ಡ್ರ್ಯಾಗ್ ರೇಸ್‌ನಲ್ಲಿ ಕಾರುಗಳು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಓಡುತ್ತವೆ. ತೊಡಕಿರುವುದು ಹೊರಡುವ ಕ್ಷಣದಲ್ಲೇ. ಮುಂದಿನ ಎಂಜಿನ್ನಿನಿಂದ ಬರುವ ಡ್ರೈವ್ ಶಾಫ್ಟ್ ರಭಸದಿಂದ ತಿರುಗುವಾಗ ಹಿಂದಿನ ಅಚ್ಚನ್ನೂ ತಿರುಚುತ್ತದೆ. ಎಡಚಕ್ರ ನೆಲಕ್ಕೆ ಒತ್ತುತ್ತದೆ, ಬಲಚಕ್ರ ಹಗುರಾಗುತ್ತದೆ. ಹಗುರಾದರೆ ಘರ್ಷಣೆ ಕಡಿಮೆ. ಚಕ್ರ ಜಾರಿ ಕಾರು ಪಕ್ಕದ ಗೋಡೆಯತ್ತ ಓರೆಯಾದೀತು!

ಉಪಾಯವೇನು? ಹಿಂದಿನ ಎರಡೂ ಸುರುಳಿ ಸ್ಪ್ರಿಂಗ್‌ಗಳೊಳಗೆ ಒಂದೊಂದು ಗಾಳಿಚೀಲ ಇಡುತ್ತಾರೆ. ಕೊಳವೆ ಮಾತ್ರ ಬೇರೆ ಬೇರೆ. ಒಂದೇ ಕೊಳವೆಗೆ ಜೋಡಿಸಿದ್ರೆ ಎರಡರ ಒತ್ತಡವೂ ಸಮವಾಗಿಬಿಡುತ್ತದೆ. ಬಲಚೀಲಕ್ಕೆ ಸ್ವಲ್ಪಸ್ವಲ್ಪವೇ ಗಾಳಿ ಹೆಚ್ಚಿಸಿ, ಪ್ರತಿಸಲ ಕಾರು ನೇರ ಹೊರಡುತ್ತದೆಯೇ ಎಂದು ನೋಡುತ್ತಾರೆ.

ನೀವೇ ಮಾಡಿ: ಸೂಜಿಯಿಲ್ಲದ ಹೊಸ ಸಿರಿಂಜಿನ ಬಾಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಒತ್ತಿ. ಒತ್ತಿದಷ್ಟೂ ಗಾಳಿ ತಿರುಗಿ ತಳ್ಳುತ್ತದೆ ಅಲ್ವಾ? ಗಾಳಿಚೀಲ ಮಾಡುವುದೂ ಅದನ್ನೇ.