ಸರ್ಕಾರಿ ಶಾಲೆಯ ಬಜೆಟ್: ಪೋಷಕರಿಗೆ ಕಾನೂನು ಕೊಟ್ಟ ಅಧಿಕಾರ

ವಸಂತಪುರದಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆ ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ನೇರವಾಗಿ ಹೋಗುವುದಿಲ್ಲ. ಅಮೆರಿಕದ ಶಾಲಾ ಜಿಲ್ಲೆಗಳಿಗೆ ಸ್ಥಳೀಯ ಆಸ್ತಿ ತೆರಿಗೆ ಒಂದು ದೊಡ್ಡ ಆಧಾರ. ನಮ್ಮಲ್ಲಿ ಶಿಕ್ಷಕರ ಸಂಬಳ ರಾಜ್ಯ ಬಜೆಟ್‌ನಿಂದ ಬರುತ್ತದೆ. ವಾರ್ಷಿಕ ಅನುದಾನ ಬರುವುದು ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಹಣ ಹಾಕುವ ಸಮಗ್ರ ಶಿಕ್ಷಣ ಯೋಜನೆಯಿಂದ. ಪಾಲಿಕೆಯ ಆಯವ್ಯಯದಲ್ಲಿ ನಡೆಯುವುದು ಪಾಲಿಕೆಯದೇ ಶಾಲೆಗಳು ಮಾತ್ರ.

ಸರ್ಕಾರದ ಕೈಯೂ ಕಟ್ಟಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯವು ತಾನೇ ದರ ನಿಗದಿ ಮಾಡಬಹುದಾದ ತೆರಿಗೆಗಳು ಕಡಿಮೆಯಾದವು. ವೃತ್ತಿ ತೆರಿಗೆಯಂತೂ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ. ಸಾಲ ಮಾಡುವುದಕ್ಕೂ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಕಡಿವಾಣವಿದೆ. ಹಣ ಬಿಗಿಯಾದಾಗ ಬರೆದು ಕೇಳದವರ ಪಾಲೇ ಮೊದಲು ಕೈತಪ್ಪುತ್ತದೆ. ಹಾಗೆ ಬರೆದು ಕೇಳುವ ಹಕ್ಕನ್ನು ಕಾನೂನು ಪೋಷಕರಿಗೆ ಕೊಟ್ಟಿದೆ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದಲೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಕಾಯ್ದೆಯ ಬಲ ಕೊಟ್ಟಿತು. 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಸಮಿತಿಯ ಕೆಲಸ.

22ನೇ ಸೆಕ್ಷನ್ ಇನ್ನೂ ಮುಖ್ಯವಾದದ್ದು. ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು; ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು.

ಎಷ್ಟು ಹಣ ಬರುತ್ತದೆ?

ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು.

180 ಮಕ್ಕಳಿರುವ ಶಾಲೆಯ ಲೆಕ್ಕ ಹಾಕಿ ನೋಡಿ. 50,000ದಲ್ಲಿ 5,000 ಸ್ವಚ್ಛತೆಗೆ ಹೋದರೆ ಉಳಿಯುವುದು 45,000, ಅಂದರೆ ತಿಂಗಳಿಗೆ 3,750 ರೂಪಾಯಿ. ಕರೆಂಟು, ನೀರು, ಇಂಟರ್‌ನೆಟ್, ಸೀಮೆಸುಣ್ಣ, ಆಟದ ಸಾಮಾನು, ಕೆಟ್ಟ ಫ್ಯಾನಿನ ರಿಪೇರಿ ಎಲ್ಲಕ್ಕೂ ಇಷ್ಟೇ. ಹೊಸ ಕೊಠಡಿ, ಶೌಚಾಲಯ, ಕಾಂಪೌಂಡು ಇದರಲ್ಲಿ ಆಗುವ ಮಾತಲ್ಲ. ಅವನ್ನು ಯೋಜನೆಯಲ್ಲಿ ಪ್ರತ್ಯೇಕವಾಗಿ ಬರೆದು ಕೇಳಲೇಬೇಕು.

ಯೋಜನೆ ಬರೆಯುವುದು ಹೇಗೆ?

1. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಡಿಸೆಂಬರ್ ಒಳಗೇ ಸಭೆ ಸೇರಿ. ಕೇಂದ್ರದ 2010ರ ಮಾದರಿ ನಿಯಮಗಳು ಹೇಳುವುದು ಮೂರು ವರ್ಷದ ಯೋಜನೆ. ಅದರೊಳಗೆ ವರ್ಷಕ್ಕೊಂದು ಉಪಯೋಜನೆ.

2. ತರಗತಿವಾರು ಮಕ್ಕಳ ಅಂದಾಜು ಹಾಕಿ. ಕಟ್ಟಡ ಕೆಲಸಕ್ಕೆ ಊರುಬಿಟ್ಟು ಬಂದ ಕುಟುಂಬಗಳ ಮಕ್ಕಳನ್ನು ಬಿಡಬೇಡಿ. ಮಕ್ಕಳ ಸಂಖ್ಯೆ ಶಾಲೆಗಳ ಮಾಹಿತಿ ಸಂಗ್ರಹವಾದ ಯು-ಡೈಸ್ ದಾಖಲೆಯಲ್ಲಿ ತಪ್ಪಾದರೆ ಅನುದಾನವೂ ತಪ್ಪುತ್ತದೆ.

3. ಕಾಯ್ದೆಯ ಅನುಸೂಚಿ ಹಿಡಿದು ಶಾಲೆ ಸುತ್ತಿ: ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ, ಅಡುಗೆಕೋಣೆ, ಕಾಂಪೌಂಡು, ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ದಾರಿ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಲೇಬೇಕು.

4. ಅಧ್ಯಕ್ಷರ ಸಹಿ ಹಾಕಿಸಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೊರತೆಯ ಹೊರೆ ಪೋಷಕರ ಮೇಲಲ್ಲ

2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ, ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಕೆಲವೇ ದಿನಗಳಲ್ಲಿ ಅದನ್ನು ವಾಪಸು ಪಡೆಯಿತು. ಸ್ವಇಚ್ಛೆಯಿಂದ ಕೊಡುವವರು ಕೊಡಲಿ, ರಶೀದಿ ಪಡೆಯಲಿ. ಆದರೆ ಕೂಲಿಯಿಂದ ಬದುಕುವ ತಾಯಿಗೆ ನೂರು ರೂಪಾಯಿಯೂ ಭಾರ. ಮಗುವಿನ ಓದಿಗೆ ಅಡ್ಡಿಯಾಗುವ ಯಾವ ಶುಲ್ಕವೂ ಸಲ್ಲದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ.

ಲೆಕ್ಕ ಕೊಡದಿದ್ದರೆ?

ಮೊದಲು ಸಮಿತಿ ಸಭೆಯಲ್ಲೇ ನಗದು ಪುಸ್ತಕ, ಪಾಸ್‌ಬುಕ್ ಕೇಳಿ. ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಈ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಲಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಮಗುವಿನ ಹಕ್ಕಿಗೇ ಧಕ್ಕೆಯಾಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳಲ್ಲಿ ಅದು ಇತ್ಯರ್ಥವಾಗಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಬಾಯಿಮಾತಿನ ಬೇಡಿಕೆಗೆ ಸರ್ಕಾರಿ ಕಡತದಲ್ಲಿ ಜಾಗವಿಲ್ಲ. ನಿಮ್ಮ ಮಗುವಿನ ಶಾಲೆಯ ಯೋಜನೆ ಎಲ್ಲಿದೆ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಅಂದೇ ಬರೆಯಲು ಕೂರಿ.