ರಾಕಿ ಗೆಲ್ಲಲಿ ಅಂದ ಮಾತ್ರಕ್ಕೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಶಿವನಿ ಹತ್ತಿರ ನಮ್ಮದು ಈರುಳ್ಳಿ, ಅಡಿಕೆ ಬೇಸಾಯ. ಯಾರದ್ದೂ ಒಂದು ರೂಪಾಯಿ ಮುಟ್ಟಿದವಳಲ್ಲ. ಆದರೆ ಟೀವಿಯಲ್ಲಿ ‘ಕೆಜಿಎಫ್’ ಬಂದಾಗಲೆಲ್ಲ ರಾಕಿನೇ ಗೆಲ್ಲಲಿ ಅನ್ಸುತ್ತೆ. ಅವನನ್ನು ಹಿಡಿಯೋಕೆ ಬಂದವರ ಮೇಲೇ ಸಿಟ್ಟು. ಮೊನ್ನೆ ಪಿಯುಸಿ ಓದುವ ಮಗ, ‘ಅಮ್ಮ, ಅವನು ಕೊಲೆಗಾರ ಅಲ್ವಾ?’ ಅಂದ. ಬಾಯಿ ಕಟ್ಟಿಹೋಯಿತು. ಮದುವೆಯಾದ ಹೊಸದರಲ್ಲಿ ನಾನೂ ಅಜ್ಜಂಪುರದಲ್ಲಿ ಟೈಲರಿಂಗ್ ಅಂಗಡಿ ಇಡಬೇಕು ಅಂತಿದ್ದೆ, ನಾಲ್ಕು ಜನ ಏನಂತಾರೋ ಅಂತ ಬಿಟ್ಟೆ. ಅದಿರಲಿ. ನನ್ನ ಮನಸ್ಸಲ್ಲೇ ಏನಾದರೂ ಕೆಡುಕಿದೆಯಾ?
— ಹೆಸರು ಬೇಡ, ಶಿವನಿ

ಉತ್ತರ: ಕೆಡುಕೇನೂ ಇಲ್ಲ, ಸೋದರಿ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ದುರ್ಯೋಧನನ ಪಾತ್ರಕ್ಕೆ ಎಂಥ ಪೈಪೋಟಿ! ಧರ್ಮರಾಯನ ವೇಷಕ್ಕೆ ಯಾರೂ ಹಾಗೆ ಮುಗಿಬೀಳುವುದಿಲ್ಲ. ಹತ್ತನೇ ಶತಮಾನದಲ್ಲೇ ರನ್ನ ‘ಗದಾಯುದ್ಧ’ಕ್ಕೆ ಭೀಮನನ್ನು ನಾಯಕ ಮಾಡಿದ, ಓದುಗರ ಮರುಕವೆಲ್ಲ ದುರ್ಯೋಧನನ ಪಾಲಾಯಿತು. 2018ರ ‘ಟಗರು’ ನೋಡಿ. ಖಳ ಡಾಲಿಯ ಹೆಸರು ನಟ ಧನಂಜಯ ಅವರಿಗೆ ಎಷ್ಟು ಅಂಟಿತೆಂದರೆ ಇವತ್ತಿಗೂ ಅವರು ಡಾಲಿ ಧನಂಜಯ.

ಅದೇ ವರ್ಷದ ಕೊನೆಗೆ ಬಂದ ‘ಕೆಜಿಎಫ್’ ಇನ್ನೂ ಜಾಣ ಚಿತ್ರ. ರಾಕಿಯ ಕೈಗೆ ರಕ್ತ ಅಂಟುವ ಮೊದಲೇ ಅವನ ತಾಯಿಯ ಬಡತನ, ಸಾವು, ಅವಳಿಗೆ ಕೊಟ್ಟ ಮಾತು ನಮ್ಮ ಎದೆಗೆ ಬಿದ್ದಿರುತ್ತವೆ. ಕಥೆ ಹೇಳುವ ಆನಂದ್ ಇಂಗಳಗಿಯೂ ಅವನನ್ನು ಮೆಚ್ಚಿದವನೇ. ಆ ಬನ್ನಿನ ದೃಶ್ಯ ನೆನಪಿದೆಯಲ್ಲ? ಮುಂಬೈ ರಸ್ತೆಯಲ್ಲಿ ಕೂಸು ಹೊತ್ತ ತಾಯಿಯೊಬ್ಬಳ ಬನ್ ಬಿದ್ದುಹೋಗುತ್ತದೆ. ರಾಕಿ ವಾಹನಗಳನ್ನೆಲ್ಲ ನಿಲ್ಲಿಸಿ ಎತ್ತಿಕೊಡುತ್ತಾನೆ. ನನಗೂ ಗಂಟಲು ಕಟ್ಟಿತ್ತು. ನಿಂತ ಆ ಗಾಡಿಗಳಲ್ಲಿ ಆಸ್ಪತ್ರೆಗೆ ಹೊರಟವರು ಯಾರಾದರೂ ಇದ್ದರೋ ಏನೋ, ಕ್ಯಾಮೆರಾ ಅತ್ತ ತಿರುಗುವುದೇ ಇಲ್ಲ. ಅವನ ಗುಂಡಿಗೆ ಬಿದ್ದವರಿಗೂ ತಾಯಂದಿರಿದ್ದಾರು. ಅವರನ್ನು ತೋರಿಸಿದ್ದರೆ ನಿಮ್ಮ ಸಿಟ್ಟು ಬೇರೆ ಕಡೆ ತಿರುಗುತ್ತಿತ್ತು. ಮರುಕವನ್ನು ಎಲ್ಲಿ ಹರಿಸಬೇಕೆಂದು ನಿರ್ದೇಶಕರು ಕಾಲುವೆ ತೋಡಿಟ್ಟಿರುತ್ತಾರೆ. ನೀರು ಹರಿದರೆ ತಪ್ಪು ನೀರಿನದಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಕಿಯಲ್ಲ, ‘ಅದಿರಲಿ’ ಅಂತ ನೀವೇ ಪಕ್ಕಕ್ಕೆ ಸರಿಸಿದ ಅಂಗಡಿ. ರಾಕಿ ತನಗೆ ಬೇಕಾದ್ದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಾಲ್ಕು ಜನ ಏನಂತಾರೆ ಅನ್ನುವುದು ಅವನಿಗೆ ಗೊತ್ತೇ ಇಲ್ಲ. ನಿಮ್ಮ ಮನಸ್ಸು ಜೈ ಅನ್ನುತ್ತಿರುವುದು ಅದಕ್ಕೇ ಅಂತ ನನ್ನ ಊಹೆ, ಕೊಲೆಗಲ್ಲ. ಒಳ್ಳೆಯ ಸೊಸೆ, ಒಳ್ಳೆಯ ತಾಯಿ ಅನ್ನಿಸಿಕೊಂಡ ಎಷ್ಟೋ ಹೆಂಗಸರು ಇಂಥ ಚಿತ್ರಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ನನಗೇನೂ ಆಶ್ಚರ್ಯವಿಲ್ಲ.

ಮಗನ ಪ್ರಶ್ನೆಗೆ, ‘ಹೌದು ಕಣೋ, ಕೊಲೆಗಾರನೇ. ಆದರೂ ನನಗೆ ಅವನ ಛಲ ಇಷ್ಟ’ ಅಂದುಬಿಡಿ. ಎರಡೂ ನಿಜ ತಾನೇ? ಮುಂದಿನ ಸಲ ಇಬ್ಬರೂ ಜೊತೆಗೆ ಕೂತು ನೋಡಿ. ಹೆಸರಿಲ್ಲದೆ ಸತ್ತ ಒಬ್ಬ ಕಾವಲುಗಾರನನ್ನು ತೋರಿಸಿ, ‘ಇವನ ಮನೇಲಿ ಯಾರ್ಯಾರಿದ್ದರೋ?’ ಅಂತ ಕೇಳಿ. ಪಿಯುಸಿ ಹುಡುಗ, ಉಪದೇಶಕ್ಕೆ ಎದ್ದು ಹೋಗಬಹುದು, ಇದಕ್ಕೆ ಕೂತುಕೊಂಡಾನು.

ಅಂಗಡಿಯ ವಿಷಯ ಮನೆಯವರ ಹತ್ತಿರ ಮತ್ತೆ ಎತ್ತಿ. ಮೊದಲು ಊರಲ್ಲೇ ನಾಲ್ಕು ಬ್ಲೌಸ್ ಹೊಲಿದುಕೊಡಿ, ಅಜ್ಜಂಪುರಕ್ಕೆ ಹೋದಾಗ ಬಾಡಿಗೆ ಎಷ್ಟಿದೆ ಅಂತ ವಿಚಾರಿಸಿಕೊಂಡು ಬನ್ನಿ. ಏನಾಯಿತೆಂದು ಬರೆಯಿರಿ.