ಅಳತೆಪಟ್ಟಿಯ ಅಂಚೂ ಗುರುತೂ

ಕಂಪಾಸು ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯನ್ನು ನಾವು ಒಂದೇ ಉಪಕರಣವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದರಲ್ಲಿ ಎರಡು ಉಪಕರಣಗಳು ಕೂಡಿಕೊಂಡಿವೆ. ಅಂಚು ಗೆರೆಯೆಳೆಯುವುದಕ್ಕೆ, ಗುರುತುಗಳು ಉದ್ದವನ್ನು ಅಳೆಯುವುದಕ್ಕೆ. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದೂ ಸರಿಯಿರಬೇಕೆಂಬ ನಿಯಮವಿಲ್ಲ.

ಅಂಚಿನ ನೇರವನ್ನು ಪರೀಕ್ಷಿಸಲು ಬೇರೊಂದು ನೇರವಾದ ವಸ್ತು ಬೇಕಿಲ್ಲ. ಕಾಗದದ ಮೇಲೆ ದೂರದ ಎರಡು ಬಿಂದುಗಳನ್ನಿಟ್ಟು, ಅವನ್ನು ಸೇರಿಸುವ ಗೆರೆಯೆಳೆಯೋಣ. ಅನಂತರ ಪಟ್ಟಿಯನ್ನು ಪುಸ್ತಕದ ಹಾಳೆಯಂತೆ ಆ ಗೆರೆಯ ಇನ್ನೊಂದು ಬದಿಗೆ ಮಗುಚಿ, ಅದೇ ಅಂಚಿನಿಂದ ಮತ್ತೆ ಗೆರೆಯೆಳೆಯೋಣ. ಎರಡೂ ಒಂದಾದರೆ ಅಂಚು ನೇರ. ನಡುವೆ ಸಂದು ಕಂಡರೆ, ಅದು ಅಂಚಿನ ದೋಷದ ಇಮ್ಮಡಿ. ಮಗುಚದೆ, ಕಾಗದದ ಮೇಲೆಯೇ ಪಟ್ಟಿಯ ಎಡಬಲಗಳನ್ನು ಅದಲುಬದಲು ಮಾಡಿದರೆ ಸಾಲದು; ಹಾವಿನಂತೆ ಎರಡು ಕಡೆಗೆ ಸಮನಾಗಿ ಬಾಗಿದ ಅಂಚು ಆಗ ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇನ್ನು ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಪ್ರಮಾಣದ ಭೂಪಟವನ್ನು ಹರಡೋಣ. ಹಾವೇರಿ, ರಾಣೇಬೆನ್ನೂರುಗಳ ಮೇಲೆ ಅಂಚನ್ನಿಟ್ಟರೆ ನಡುವಿನ ಬ್ಯಾಡಗಿ ಅದರ ಮೇಲೆ ಬೀಳದೆ ನೈರುತ್ಯಕ್ಕೆ ಸರಿದು ನಿಲ್ಲುತ್ತದೆ. ಹಾವೇರಿಯಿಂದ ರಾಣೇಬೆನ್ನೂರಿಗೆ ಪಟ್ಟಿ ತೋರಿಸುವ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಎಂದರೆ ಸುಮಾರು 31 ಕಿಲೋಮೀಟರ್. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನೆಲದ ಮೇಲೆ 250 ಮೀಟರ್ ತಪ್ಪುತ್ತದೆ!

ಅಷ್ಟು ತಪ್ಪುವುದು ಸುಲಭ. ಪಟ್ಟಿ 3 ಮಿಲಿಮೀಟರ್ ದಪ್ಪವಿದ್ದು, ನಾವು 20 ಡಿಗ್ರಿ ಓರೆಯಾಗಿ ನೋಡಿದರೆ ಓದಿಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಸರಿಯುತ್ತದೆ. ಆದುದರಿಂದ ಕಣ್ಣು ಗುರುತಿನ ನೇರ ಮೇಲಿರಬೇಕು. ತುದಿ ಸವೆದ ಪಟ್ಟಿಯಾದರೆ 1 ಸೆಂಟಿಮೀಟರ್ ಗುರುತಿನಿಂದ ಅಳೆದು, ಕೊನೆಗೆ ಒಂದನ್ನು ಕಳೆಯುವುದು ಲೇಸು. ಬಿಸಿಲೂ ತನ್ನ ಪಾಲನ್ನು ಸೇರಿಸುತ್ತದೆ: ಶಾಖ 20 ಡಿಗ್ರಿ ಸೆಲ್ಸಿಯಸ್ ಏರಿದರೆ 30 ಸೆಂಟಿಮೀಟರಿನ ಉಕ್ಕಿನ ಪಟ್ಟಿ ಹಿಗ್ಗುವುದು ಸುಮಾರು 0.07 ಮಿಲಿಮೀಟರ್ ಮಾತ್ರ. ಅಕ್ರಿಲಿಕ್ ಪ್ಲಾಸ್ಟಿಕ್ಕಿನದು ಸುಮಾರು 0.4. ಮರವು ಎಳೆಯುದ್ದಕ್ಕೆ ಉಕ್ಕಿಗಿಂತಲೂ ಕಡಿಮೆ ಹಿಗ್ಗುತ್ತದೆಂಬುದನ್ನು ಅನೇಕರು ನಂಬಲಾರರು.

ಬಾಗಿದ ವಸ್ತುವಿನ ಮುಂದೆ ಮಾತ್ರ ಪಟ್ಟಿಯೊಂದೇ ನಿರುಪಾಯ. ಬ್ಯಾಡಗಿಯ ಮೆಣಸಿನಕಾಯಿಯಲ್ಲಿ 'ಕಡ್ಡಿ' ನೀಳವಾದದ್ದು, 'ಡಬ್ಬಿ' ಗಿಡ್ಡನೆಯ ದುಂಡನೆಯದು. ಒಣಗಿ ಸುಕ್ಕುಗಟ್ಟಿ ಬಾಗಿದ ಕಡ್ಡಿಯ ಉದ್ದವನ್ನು ತಿಳಿಯಲು, ಹಿಗ್ಗದ ದಾರವನ್ನು ಅದರ ಬೆನ್ನಿನುದ್ದಕ್ಕೂ ಹಾಯಿಸಿ, ಗುರುತು ಮಾಡಿ, ಬಳಿಕ ಪಟ್ಟಿಯ ಮೇಲೆ ನೆಟ್ಟಗೆ ಚಾಚಬೇಕು. ಅದೇ ದಾರವನ್ನು ಭೂಪಟದಲ್ಲಿ ಹಾವೇರಿಯಿಂದ ಬ್ಯಾಡಗಿಯ ಮೂಲಕ ರಾಣೇಬೆನ್ನೂರಿಗೆ ಹೋಗುವ ದಾರಿಯ ಮೇಲೆಯೂ ಹಾಯಿಸಿ ನೋಡಬಹುದು.